ಅಮ್ಮನ ಮಂಡಿ, ಚುಕ್ಕಿಯ ಮಂಡಿ

"ಇವಳಿಗೆ ಮಂಡಿ ನೋವು ಕಣೇ. ನಾನು ಏಳೋ ಹಾಗೇ ಏಳ್ತಾಳೆ ನೋಡು."

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಅಮ್ಮ ಹೇಳಿದ ಮಾತು ಇದು. ನಮ್ಮ ನಾಯಿ ಚುಕ್ಕಿ ಆಗಷ್ಟೇ ತನ್ನ ಹಾಸಿಗೆಯಿಂದ ಎದ್ದಿದ್ದಳು. ಮೊದಲು ಮುಂಗಾಲು ಊರಿದಳು. ಸ್ವಲ್ಪ ತಡೆದಳು. ಆಮೇಲೆ ಇಡೀ ಮೈಯನ್ನು ಮುಂದಕ್ಕೆ ತೂಗಿ, ಹಿಂಗಾಲುಗಳನ್ನು ಒಂದೊಂದಾಗಿ ಎಳೆದುಕೊಂಡು ನಿಂತಳು. ನಾನು ಅದನ್ನು ಎಷ್ಟೋ ತಿಂಗಳಿಂದ ದಿನಾ ನೋಡುತ್ತಿದ್ದೆ. ನನಗೆ ಏನೂ ಹೊಳೆದಿರಲಿಲ್ಲ. ಅಮ್ಮನಿಗೆ ಒಂದೇ ಸಲಕ್ಕೆ ಗೊತ್ತಾಯಿತು. ಕುರ್ಚಿಯ ಕೈ ಹಿಡಿದು, ತಡೆದು, ಮೈಯನ್ನು ಮುಂದಕ್ಕೆ ತೂಗಿ ಏಳುವುದು ಅವರಿಗೆ ದಿನಕ್ಕೆ ಹತ್ತು ಸಲದ ಕೆಲಸ.

ಚುಕ್ಕಿ ನಮ್ಮ ಮನೆಗೆ ಬಂದು ಒಂಬತ್ತು ವರ್ಷ ಆಯಿತು. ಬೀದಿಯಲ್ಲಿ ಸಿಕ್ಕವಳು. ಕುತ್ತಿಗೆಯ ಸುತ್ತ ಹಗ್ಗ ಕೊರೆದ ಗುರುತು ಇತ್ತು. ಆ ಜಾಗದಲ್ಲಿ ಇವತ್ತಿಗೂ ಕೂದಲು ಬೆಳೆದಿಲ್ಲ. ಅವಳನ್ನು ಮೊದಲು ನೋಡಿಕೊಂಡವರು ಬಾಯಿ ತೆರೆಸಿ, ಹಲ್ಲು ನೋಡಿ, "ಒಂದು ಐದು ವರ್ಷ ಇರಬಹುದು" ಅಂದಿದ್ದರು. ಹಲ್ಲು ನೋಡಿ ಮರಿಯ ವಯಸ್ಸನ್ನು ಚೆನ್ನಾಗಿ ಹೇಳಬಹುದು. ಆರೇಳು ತಿಂಗಳಿಗೆ ಎಲ್ಲ ಕಾಯಂ ಹಲ್ಲುಗಳೂ ಬಂದುಬಿಡುತ್ತವೆ. ಅಲ್ಲಿಂದಾಚೆ ಸವೆತ ನೋಡಿ, ಕರೆ ನೋಡಿ ಊಹೆ ಮಾಡುವುದಷ್ಟೇ. ಕಲ್ಲು, ಮೂಳೆ, ಕಬ್ಬಿಣದ ಸರಳು ಕಚ್ಚಿಕೊಂಡು ಬದುಕಿದ ನಾಯಿಯ ಹಲ್ಲು ಬೇಗ ಸವೆಯುತ್ತದೆ. ಹಾಗಾಗಿ ಆಸ್ಪತ್ರೆಯ ಚೀಟಿಯಲ್ಲಿ ಅವಳ ವಯಸ್ಸಿನ ಮುಂದೆ ಯಾವಾಗಲೂ ಒಂದು ಪ್ರಶ್ನೆ ಚಿಹ್ನೆ ಇರುತ್ತದೆ. ಈಗ ಅಲ್ಲಿ 14 ಅಂತ ಇದೆ. ಪ್ರಶ್ನೆ ಚಿಹ್ನೆಯೂ ಇದೆ.

ನಾಯಿಯ ಒಂದು ವರ್ಷ ಅಂದರೆ ಮನುಷ್ಯರ ಏಳು ವರ್ಷ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದು ಸರಿಯಾದ ಲೆಕ್ಕವಲ್ಲ. ನಾಯಿಗಳು ಮೊದಲ ಒಂದೆರಡು ವರ್ಷದಲ್ಲಿ ಓಡಿ ಓಡಿ ದೊಡ್ಡವಾಗುತ್ತವೆ. ಆಮೇಲೆ ಆ ಓಟ ನಿಧಾನವಾಗುತ್ತದೆ. 2020ರಲ್ಲಿ ವಿಜ್ಞಾನಿಗಳು ಲ್ಯಾಬ್ರಡಾರ್ ನಾಯಿಗಳ ಡಿಎನ್‌ಎಯಲ್ಲಿ ವಯಸ್ಸಿನ ಜೊತೆ ಆಗುವ ಬದಲಾವಣೆ ನೋಡಿ ಒಂದು ಸೂತ್ರ ಕೊಟ್ಟರು. ಅದರಲ್ಲಿ 14 ಹಾಕಿದರೆ 73 ಬರುತ್ತದೆ. ಅಮ್ಮನ ವಯಸ್ಸೂ 73. ಚುಕ್ಕಿ ಲ್ಯಾಬ್ರಡಾರ್ ಅಲ್ಲ, ಹನ್ನೆರಡು ಕಿಲೋದ ಚಿಕ್ಕ ಬೀದಿನಾಯಿ. ಸೂತ್ರ ಅವಳಿಗೆ ಎಷ್ಟು ಹೊಂದುತ್ತದೋ ಬೇರೆ ಮಾತು. ಆದರೆ ಅದೇ ಸೂತ್ರದ ಪ್ರಕಾರ ಅವಳ ವಯಸ್ಸು 13 ಆದರೂ 15 ಆದರೂ ಉತ್ತರ 72ರಿಂದ 74ರ ಒಳಗೇ ಬರುತ್ತದೆ. ಇಷ್ಟು ವರ್ಷ ಕಾಡಿದ ಆ ಪ್ರಶ್ನೆ ಚಿಹ್ನೆ ಈಗ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಅಮ್ಮ ಆ ಮಾತು ಹೇಳುವುದಕ್ಕೆ ಮೊದಲು ಸುಮಾರು ಎಂಟು ತಿಂಗಳು ನಾನು ಒಂದೇ ಮಾತು ಹೇಳಿಕೊಂಡು ಬಂದಿದ್ದೆ. "ವಯಸ್ಸಾಯ್ತಲ್ಲ, ಅದಕ್ಕೆ." ಸೋಫಾ ಹತ್ತುವುದು ಬಿಟ್ಟಳು. ವಯಸ್ಸಾಯ್ತಲ್ಲ. ಬಾಗಿಲು ತೆಗೆದ ಸದ್ದಿಗೆ ಓಡಿ ಬರುತ್ತಿದ್ದವಳು ಮಲಗಿದಲ್ಲಿಂದಲೇ ಬಾಲ ಅಲ್ಲಾಡಿಸತೊಡಗಿದಳು. ವಯಸ್ಸಾಯ್ತಲ್ಲ. ವಾಕಿಂಗಿನಲ್ಲಿ ಅರ್ಧ ದಾರಿಗೇ ನಿಂತು ಮನೆ ಕಡೆ ತಿರುಗುತ್ತಿದ್ದಳು. ಹಿಂಗಾಲಿನ ಒಂದೇ ಜಾಗವನ್ನು ಗಂಟೆಗಟ್ಟಲೆ ನೆಕ್ಕುತ್ತಿದ್ದಳು. ಒಂದು ಸಲ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರೂ ಮೈ ಸವರಿ ಅದೇ ಮಾತು ಹೇಳಿ ಕಳಿಸಿದರು. ನನಗೆ ಸಮಾಧಾನವೇ ಆಯಿತು. ನಾನು ಅಂದುಕೊಂಡಿದ್ದು ಸರಿ ಅಂತ ಡಾಕ್ಟರೇ ಹೇಳಿದ ಮೇಲೆ ಇನ್ನೇನು?

ಅಮ್ಮನ ಮಾತು ಕೇಳಿದ ವಾರವೇ ಬೇರೆ ಕಡೆ ತೋರಿಸಿದೆವು. ಎಕ್ಸ್‌ರೇ ತೆಗೆದರು. ಎರಡೂ ಸೊಂಟದ ಕೀಲುಗಳಲ್ಲಿ, ಬಲ ಹಿಂಗಾಲಿನ ಮಂಡಿಯಲ್ಲಿ ಸವೆತ ಇತ್ತು. ಮೂಳೆಯ ತುದಿಗೆ ಮೆತ್ತೆಯಂತೆ ಇರುವ ಮೃದು ಪದರ ತೆಳುವಾಗಿ, ಅಂಚಿನಲ್ಲಿ ಹೊಸ ಮೂಳೆ ಮುಳ್ಳುಮುಳ್ಳಾಗಿ ಬೆಳೆದಿತ್ತು. ಹೊಸ ಡಾಕ್ಟರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. "ಇದು ನೆನ್ನೆ ಮೊನ್ನೆಯದಲ್ಲ" ಅಂದರು.

"ಆದ್ರೆ ಅವಳು ಒಂದು ದಿನವೂ ಅಳಲಿಲ್ಲವಲ್ಲ ಡಾಕ್ಟ್ರೇ?"

"ಇಂಥ ನೋವಿಗೆ ನಾಯಿಗಳು ಸಾಮಾನ್ಯವಾಗಿ ಅಳಲ್ಲ. ಸುಮ್ನೆ ಕೆಲವು ಕೆಲಸ ಮಾಡೋದು ಬಿಡ್ತಾವೆ."

ಉರಿಯೂತ ಇಳಿಸುವ ಮಾತ್ರೆ ಶುರುವಾಯಿತು. ಐದನೆಯ ದಿನ ನಾನು ಅಡುಗೆ ಮನೆಯಲ್ಲಿದ್ದೆ. ಏನೋ ಕಾಲಿಗೆ ತಾಗಿತು. ಕೆಳಗೆ ನೋಡಿದರೆ ಚುಕ್ಕಿ ತನ್ನ ಹಳೆಯ ಚೆಂಡು ತಂದು ನನ್ನ ಪಾದದ ಮೇಲೆ ಬಿಟ್ಟಿದ್ದಳು. ಆ ಚೆಂಡು ಎಲ್ಲಿತ್ತೋ, ಯಾವ ಮಂಚದ ಅಡಿಯಿಂದ ಎಳೆದು ತಂದಳೋ ಗೊತ್ತಿಲ್ಲ. ಅವಳಿಗೆ ಆಟ ಬೇಜಾರಾಗಿದೆ ಅಂತ ನಾನು ತಿಳಿದಿದ್ದೆ. ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಎಂಟು ತಿಂಗಳು ಅವಳು ಆಟ ಬಿಟ್ಟಿದ್ದು ನೋವಿಗೆ. ಅವಳ ಒಂದು ವರ್ಷ ನಮಗೆ ಎಷ್ಟಕ್ಕೆ ಸಮ ಅಂತ ಲೆಕ್ಕ ಹಾಕುವ ನಾವು, ಆ ಎಂಟು ತಿಂಗಳನ್ನೂ ಅದೇ ಲೆಕ್ಕದಲ್ಲಿ ನೋಡಬೇಕಲ್ಲ.

ಅಂದಿನಿಂದ ಈ ಮನೆಯಲ್ಲಿ "ವಯಸ್ಸಾಯ್ತು" ಅನ್ನುವ ಮಾತನ್ನು ನಾನು ಉತ್ತರ ಅಂತ ಒಪ್ಪಿಕೊಳ್ಳುವುದಿಲ್ಲ. ವಯಸ್ಸಾಗಿದೆ, ನಿಜ. ವಯಸ್ಸಾದ ಮೈಯೊಳಗೆ ಏನಾಗಿದೆ ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ಕೇಳಲೇಬೇಕು.

ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಯಿ ಕುಂಟುತ್ತಿದೆ ಅಂತ ಮನೆಯಲ್ಲಿ ನಮಗಾಗಿ ಇಟ್ಟುಕೊಂಡ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡ ಕೆಡಿಸಬಹುದು. ಪ್ಯಾರಾಸಿಟಮಾಲ್ ಪ್ರಮಾಣ ಹೆಚ್ಚಾದರೆ ಯಕೃತ್ತು ಹೋಗಬಹುದು. ನಾಯಿಗಳಿಗೆ ಅಂತಲೇ ಬೇರೆ ಔಷಧಗಳಿವೆ. ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಕೊಡುತ್ತಾರೆ. ಪ್ರೀತಿಯಿಂದ ಕೊಟ್ಟ ಅರ್ಧ ಮಾತ್ರೆಯಿಂದ ನಾಯಿ ಕಳೆದುಕೊಂಡವರು ನನಗೆ ಗೊತ್ತು.

ಡಾಕ್ಟರ್ ಮಾತ್ರೆಗಿಂತ ಮೊದಲು ಹೇಳಿದ್ದು ತೂಕದ ಬಗ್ಗೆ. ಆಗ ಚುಕ್ಕಿ ಹದಿನಾಲ್ಕು ಕಿಲೋ ಇದ್ದಳು. ಹಸಿವಿನಿಂದ ಬಂದ ನಾಯಿ ಅಂತ ನಾವೆಲ್ಲ ಅವಳಿಗೆ ಒಂದು ತುತ್ತು ಜಾಸ್ತಿಯೇ ಹಾಕುತ್ತಿದ್ದೆವು. ಮನೆಯವರು ಹಾಕಿದ್ದು ನನಗೆ ಗೊತ್ತಿಲ್ಲ, ನಾನು ಹಾಕಿದ್ದು ಅಮ್ಮನಿಗೆ ಗೊತ್ತಿಲ್ಲ. ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಆಮೇಲೆ ಓದಿದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಕೊನೆಯವರೆಗೂ ನೋಡಿದ್ದರು. ಜೋಡಿ ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25 ಕಡಿಮೆ ಊಟ ಕೊಟ್ಟಿದ್ದರು. ಕಡಿಮೆ ತಿಂದ ಗುಂಪಿನ ಆಯಸ್ಸಿನ ಮಧ್ಯಾಂಕ, ಅಂದರೆ ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು, 13 ವರ್ಷ. ಇನ್ನೊಂದು ಗುಂಪಿನದು 11.2. ಕೀಲು ಸವೆತಕ್ಕೆ ಔಷಧ ಬೇಕಾಗಿದ್ದೂ ಕಡಿಮೆ ತಿಂದವಕ್ಕೆ ತಡವಾಗಿ. ಇದನ್ನು ಓದಿದ ದಿನ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಚುಕ್ಕಿಯ ದಿನದ ಊಟವನ್ನು ಬೆಳಗ್ಗೆಯೇ ತೂಗಿ ಒಂದು ಡಬ್ಬಿಗೆ ಹಾಕಿಡುತ್ತೇವೆ. ಯಾರು ಏನು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಬೇಕು. ಎರಡು ಕಿಲೋ ಇಳಿಯಲು ಏಳು ತಿಂಗಳು ಹಿಡಿಯಿತು.

ನೆಲದ ಕೆಲಸವೂ ಇತ್ತು. ನಮ್ಮದು ನುಣುಪಾದ ಟೈಲ್ಸ್. ಅವಳ ಹಿಂಗಾಲು ಅದರ ಮೇಲೆ ಎರಡು ದಿಕ್ಕಿಗೆ ಜಾರುತ್ತಿತ್ತು. ಅವಳು ಓಡಾಡುವ ದಾರಿಗೆಲ್ಲ ಜಾರದ ಮ್ಯಾಟ್ ಹಾಸಿದೆವು. ಹಾಸಿಗೆಯಿಂದ ನೀರಿನ ಬಟ್ಟಲಿಗೆ ಒಂದು ದಾರಿ, ನೀರಿನಿಂದ ಬಾಗಿಲಿಗೆ ಒಂದು ದಾರಿ. ಉಗುರು ಚಿಕ್ಕದಾಗಿ ಕತ್ತರಿಸಿ ಇಟ್ಟರೆ ಪಂಜ ನೆಲಕ್ಕೆ ಪೂರ್ತಿ ಊರುತ್ತದೆ. ಇದು ಎಷ್ಟು ಸಣ್ಣ ವಿಷಯ, ಎಷ್ಟು ದೊಡ್ಡ ವ್ಯತ್ಯಾಸ! ಒಂದು ಉದ್ದದ ವಾಕಿಂಗ್ ಬದಲು ದಿನಕ್ಕೆ ನಾಲ್ಕು ಸಣ್ಣ ವಾಕಿಂಗ್ ಮಾಡಿದೆವು. ಅವಳು ಮೂಸಲು ನಿಂತರೆ ನಾವೂ ನಿಲ್ಲುತ್ತೇವೆ. ಬೆಲ್ಟ್ ಎಳೆಯುವುದಿಲ್ಲ.

ಅದೇ ಹೊತ್ತಿಗೆ ಅಮ್ಮನನ್ನೂ ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅಮ್ಮನಿಗೂ ಯಾರೋ ಹಿಂದೆ "ವಯಸ್ಸಾಯ್ತು, ಸಹಿಸ್ಕೊಳ್ಳಿ" ಅಂದಿದ್ದರಂತೆ. ಅಮ್ಮ ಸಹಿಸಿಕೊಂಡಿದ್ದರು. ನನಗೆ ಹೇಳಿರಲಿಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಹೇಳಿಕೊಟ್ಟರು. ಈಗ ಬೆಳಗಿನ ವಾಕಿಂಗ್ ಅಮ್ಮ ಮತ್ತು ಚುಕ್ಕಿಯದು. ಇಬ್ಬರ ನಡಿಗೆಯ ವೇಗವೂ ಒಂದೇ.

ಎಕ್ಸ್‌ರೇ ತೆಗೆದ ದಿನವೇ ಡಾಕ್ಟರ್ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನಾಗಿದ್ದರು. ಎಡಗಡೆ ಬಡಿತದ ನಡುವೆ ಒಂದು ಸುಯ್ ಸದ್ದು. ಹೃದಯದ ಎಡಭಾಗದ ಕವಾಟ ದಪ್ಪಗಾಗಿ, ಪೂರ್ತಿ ಮುಚ್ಚದೆ, ರಕ್ತ ಸ್ವಲ್ಪ ಹಿಂದಕ್ಕೆ ಸೋರುತ್ತಿತ್ತು. ವಯಸ್ಸಾದ ಚಿಕ್ಕ ಗಾತ್ರದ ನಾಯಿಗಳಲ್ಲಿ ತುಂಬ ಕಾಣುವ ತೊಂದರೆ ಇದು. ಸ್ಕ್ಯಾನ್ ಮಾಡಿದಾಗ ಹೃದಯ ಆಗಲೇ ಸ್ವಲ್ಪ ಹಿಗ್ಗಿತ್ತು. ಪಿಮೊಬೆಂಡಾನ್ ಅನ್ನುವ ಮಾತ್ರೆ ಬರೆದರು. ಹೃದಯ ಹಿಗ್ಗಿದ್ದು ಇನ್ನೂ ಸೋಲದೆ ಇರುವ ಹಂತದಲ್ಲಿ ಇದನ್ನು ಶುರು ಮಾಡಿದರೆ ಸೋಲುವ ದಿನ ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಗುತ್ತದೆ ಅಂತ 2016ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಆ ಸದ್ದನ್ನು ಯಾರೂ ಕೇಳಿರದಿದ್ದರೆ ಆ ತಿಂಗಳುಗಳು ಅವಳಿಗೆ ಸಿಗುತ್ತಿರಲಿಲ್ಲ. ಮಂಡಿ ನೋವಿನಿಂದ ಹೃದಯದ ಕಾಯಿಲೆ ಸಿಕ್ಕಿತು. ಅಮ್ಮನಿಗೆ ನಾನು ಎರಡು ಸಲ ಋಣಿ.

ಡಾಕ್ಟರ್ ನನಗೊಂದು ಕೆಲಸ ಕೊಟ್ಟರು. ಅವಳು ಗಾಢವಾಗಿ ಮಲಗಿದಾಗ ಉಸಿರು ಎಣಿಸುವುದು. ಎದೆ ಒಮ್ಮೆ ಏರಿ ಇಳಿದರೆ ಒಂದು. ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬೇಕು. ನಿಮಿಷಕ್ಕೆ 30ರ ಒಳಗಿದ್ದರೆ ಚಿಂತೆಯಿಲ್ಲ. ಮೇಲೇರಿ, ಮತ್ತೆ ಎಣಿಸಿದರೂ ಇಳಿಯದಿದ್ದರೆ ತಕ್ಷಣ ಫೋನ್ ಮಾಡಬೇಕು. ಶ್ವಾಸಕೋಶದಲ್ಲಿ ನೀರು ತುಂಬತೊಡಗಿದ್ದು ಎಷ್ಟೋ ಸಲ ಮೊದಲು ಗೊತ್ತಾಗುವುದೇ ಈ ಲೆಕ್ಕದಲ್ಲಿ. ಕನಸು ಕಾಣುತ್ತಾ ಕಾಲು ಅಲುಗಿಸುವಾಗ ಎಣಿಸಬಾರದು, ಆಗ ಉಸಿರು ಹೇಗೂ ಜಾಸ್ತಿ ಇರುತ್ತದೆ.

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡೆ. ಒಂದು ಕಡೆ ತಾರೀಖು, ಒಂದು ಕಡೆ ಸಂಖ್ಯೆ. 18, 20, 18, 22. ನನಗೆ ಇದು ಭಯ ಹೆಚ್ಚಿಸುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಇಡೀ ದಿನ ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ ಹೆದರಿಕೆ ಅರ್ಧ ನಿಮಿಷಕ್ಕೆ ಇಳಿಯಿತು. ಎಣಿಸಿದೆ, ಬರೆದೆ, ಮಲಗಿದೆ. ಹಾಗೆ ಎಣಿಸಿದ್ದರಿಂದಲೇ ಹತ್ತು ತಿಂಗಳ ಹಿಂದೆ ಒಂದು ರಾತ್ರಿ 38 ಬಂದಾಗ ಅದು ತಪ್ಪು ಅಂತ ಕೂಡಲೇ ಗೊತ್ತಾಯಿತು. ಮತ್ತೆ ಎಣಿಸಿದೆ. 40. ಅವಳು ಆರಾಮಾಗಿ ಮಲಗಿದ ಹಾಗೇ ಕಾಣುತ್ತಿದ್ದಳು. ಎಬ್ಬಿಸಿ, ಎತ್ತಿಕೊಂಡು, ಆ ರಾತ್ರಿಯೇ ಹೋದೆವು. ನೀರು ತುಂಬತೊಡಗಿತ್ತು. ನೀರಿಳಿಸುವ ಇಂಜೆಕ್ಷನ್ ಕೊಟ್ಟರು. ಬೆಳಗ್ಗೆ 26ಕ್ಕೆ ಬಂತು.

ಇಲ್ಲಿಂದ ಮುಂದೆ ವಿಷಯ ಕಷ್ಟವಾಗುತ್ತದೆ. ನೀರಿಳಿಸುವ ಮಾತ್ರೆ ಶುರು ಮಾಡುವ ಮೊದಲು ರಕ್ತ ನೋಡಿದಾಗ ಮೂತ್ರಪಿಂಡವೂ ದಣಿದಿರುವುದು ತಿಳಿಯಿತು. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರಿತ್ತು. ಕ್ರಿಯಾಟಿನಿನ್ ಸಾಮಾನ್ಯ ಮಟ್ಟ ದಾಟುವ ಹೊತ್ತಿಗೆ ಮೂತ್ರಪಿಂಡದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಹೋಗಿರುತ್ತದೆ. ಎಸ್‌ಡಿಎಂಎ ಅನ್ನುವ ಇನ್ನೊಂದು ಪರೀಕ್ಷೆ ಸ್ವಲ್ಪ ಮೊದಲೇ ಸುಳಿವು ಕೊಡುತ್ತದೆ. ಬೀದಿಯಲ್ಲಿದ್ದಾಗ ಉಣ್ಣೆ ಹುಳ ಕಚ್ಚಿ ಜ್ವರ ಬಂದಿತ್ತೋ ಏನೋ. ಉಣ್ಣೆಯಿಂದ ಬರುವ ಎರ್ಲಿಕಿಯಾ ಸೋಂಕು ವರ್ಷಗಟ್ಟಲೆ ಒಳಗೇ ಉಳಿದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಮರಿಯಿಂದ ಸಾಕಿದ ನಾಯಿಯಾದರೆ ಹಿಂದೆ ಏನೇನಾಗಿತ್ತು ಅಂತ ನಾವೇ ಹೇಳಬಹುದು. ಚುಕ್ಕಿಯ ಮೊದಲ ಐದು ವರ್ಷ ಅವಳಿಗೆ ಮಾತ್ರ ಗೊತ್ತು.

ಹೃದಯಕ್ಕೆ ಬೇಕಾದ ನೀರಿಳಿಸುವ ಮಾತ್ರೆ ಮೂತ್ರಪಿಂಡಕ್ಕೆ ಭಾರ. ಮಂಡಿಗೆ ಬೇಕಾದ ಉರಿಯೂತದ ಮಾತ್ರೆಯೂ ಮೂತ್ರಪಿಂಡಕ್ಕೆ ಭಾರ. ಮೂರು ಕಾಯಿಲೆ, ಒಂದೇ ಚಿಕ್ಕ ಮೈ. ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು. ಹೃದಯದ್ದನ್ನು ಬಿಡುವ ಹಾಗಿಲ್ಲ. ಮಂಡಿಯ ಮಾತ್ರೆ ನಿಲ್ಲಿಸೋಣ, ಬೇರೆ ಥರದ ನೋವಿನ ಔಷಧ ಕೊಡೋಣ. ಆ ಚೆಂಡು ತಂದುಕೊಟ್ಟ ಮಾತ್ರೆ ಅದು. ಅದನ್ನು ನಿಲ್ಲಿಸಿ ಅಂದಾಗ ನನಗೆ ಮಾತೇ ಬರಲಿಲ್ಲ. ಈಗ ಕೊಡುವ ಗ್ಯಾಬಾಪೆಂಟಿನ್‌ನಿಂದ ಸ್ವಲ್ಪ ಮಂಪರು ಬರುತ್ತದೆ. ನೋವು ಪೂರ್ತಿ ಹೋಗಿಲ್ಲ, ಆದರೆ ಮಲಗುತ್ತಾಳೆ, ಎದ್ದು ನಡೆಯುತ್ತಾಳೆ. ಮೂತ್ರಪಿಂಡಕ್ಕಾಗಿ ರಂಜಕ (ಫಾಸ್ಫರಸ್) ಕಡಿಮೆ ಇರುವ ಊಟ. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ, ಬಿಪಿ. ಹೌದು, ನಾಯಿಗೂ ಬಿಪಿ ನೋಡುತ್ತಾರೆ. ಬಾಲಕ್ಕೋ ಮುಂಗಾಲಿಗೋ ಪುಟ್ಟ ಪಟ್ಟಿ ಕಟ್ಟುತ್ತಾರೆ.

ಇಷ್ಟೆಲ್ಲ ಆದ ಮೇಲೆ ಅವಳು ತುಂಬ ನೀರು ಕುಡಿಯುತ್ತಾಳೆ, ತುಂಬ ಉಚ್ಚೆ ಹೊಯ್ಯುತ್ತಾಳೆ. ಉಚ್ಚೆ ಕಡಿಮೆಯಾಗಲಿ ಅಂತ ನೀರಿನ ಬಟ್ಟಲು ಎತ್ತಿಡಿ ಅಂತ ಕೆಲವರು ಹೇಳಿದರು. ಅದನ್ನು ಮಾತ್ರ ಮಾಡಬಾರದು. ಆ ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಕುಡಿಯದಿದ್ದರೆ ಮೈ ಒಣಗುತ್ತದೆ. ನಾವು ಇನ್ನೂ ಎರಡು ಬಟ್ಟಲು ಇಟ್ಟೆವು.

ಮೊದಲ ಸಲ ಅವಳು ಮನೆಯೊಳಗೆ ಹೊಯ್ದುಕೊಂಡ ದಿನವನ್ನು ನಾನು ಮರೆಯಲಾರೆ. ಮಲಗಿದಲ್ಲೇ ಆಗಿತ್ತು. ಎಚ್ಚರವಾಗಿ ಒದ್ದೆಯಾಗಿದ್ದು ತಿಳಿದಿರಬೇಕು. ನಾನು ಕೋಣೆಗೆ ಬಂದಾಗ ಅವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕಿವಿ ಹಿಂದಕ್ಕೆ, ಬಾಲ ಹೊಟ್ಟೆಯಡಿಗೆ. ತಲೆ ತಗ್ಗಿಸಿ, ಕಣ್ಣು ಅರ್ಧ ಮುಚ್ಚಿಕೊಂಡಿದ್ದಳು. ಏಟು ಬೀಳುವ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ. ನಮ್ಮ ಮನೆಯಲ್ಲಿ ಯಾರೂ ಅವಳ ಮೇಲೆ ಕೈ ಎತ್ತಿಲ್ಲ. ಆಗ ಎಂಟು ವರ್ಷ ಆಗಿತ್ತು ಅವಳು ಬಂದು. ಎಂಟು ವರ್ಷದ ಹಿಂದಿನ ಯಾವುದೋ ಕೈಗಾಗಿ ಅವಳು ಕಾಯುತ್ತಿದ್ದಳು.

ನಾನು ಹತ್ತಿರ ಹೋಗಲಿಲ್ಲ. ದೂರದಲ್ಲೇ ನೆಲದ ಮೇಲೆ ಕುಳಿತೆ. ಅವಳ ಕಡೆ ನೇರ ನೋಡಲಿಲ್ಲ. ಅವಳು ಬಂದ ಹೊಸದರಲ್ಲಿ ಹೀಗೇ ಕೂರುತ್ತಿದ್ದೆವು. ಎಷ್ಟೋ ಹೊತ್ತಾದ ಮೇಲೆ ಬಂದು ನನ್ನ ಮೊಣಕೈಗೆ ಮೂತಿ ಒತ್ತಿದಳು. ಆಮೇಲೆ ಹಾಸಿಗೆ ತೊಳೆದೆ. ಈಗ ನೀರು ಇಳಿಯದ ಶೀಟ್ ಹಾಸಿ, ಮೇಲೆ ಬೇಗ ಒಣಗುವ ಬಟ್ಟೆ ಹಾಕುತ್ತೇವೆ. ಅವಳು ಬೇರೆ ಕಡೆ ನೋಡುತ್ತಿರುವಾಗ ಬದಲಾಯಿಸುತ್ತೇವೆ. ಒದ್ದೆಯಲ್ಲಿ ಮಲಗಿದರೆ ಚರ್ಮ ಕೆಡುತ್ತದೆ. ಮೊಣಕೈ, ಸೊಂಟದ ಮೂಳೆ ತಾಗುವ ಕಡೆ ಹುಣ್ಣಾಗುತ್ತದೆ. ದಿನಾ ಬೆರಳಾಡಿಸಿ ನೋಡಬೇಕು. ದಿನಕ್ಕೆ ಎರಡು ಸಲ ಒಗೆಯುವ ದಿನವೂ ಇದೆ. ಆ ಕೆಲಸ ನನಗೆ ಭಾರ ಅನ್ನಿಸಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಅರ್ಧ ಮುಚ್ಚಿದ ಕಣ್ಣು ಮತ್ತೆ ನೋಡುವುದಕ್ಕಿಂತ ಅದು ಸಾವಿರ ಪಾಲು ಹಗುರ.

ಕಣ್ಣಿಗೆ ನೀಲಿ ಮಂಜು ಕವಿದಂತಾಗಿದೆ. ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಒತ್ತಾಗಿ ಹೀಗೆ ಕಾಣುವುದು ಸಾಮಾನ್ಯ, ದೃಷ್ಟಿಗೆ ಅಷ್ಟೇನೂ ಅಡ್ಡಿ ಆಗುವುದಿಲ್ಲ. ಬೆಳ್ಳಗೆ ಪೊರೆ ಬರುವುದು ಬೇರೆ. ಎರಡನ್ನೂ ಡಾಕ್ಟರೇ ನೋಡಿ ಹೇಳಬೇಕು. ಕಿವಿ ಮಾತ್ರ ಹೆಚ್ಚುಕಡಿಮೆ ಹೋಗಿದೆ. ಹಿಂದಿನಿಂದ ಬಂದು ಮುಟ್ಟುವುದಿಲ್ಲ, ಹೆದರುತ್ತಾಳೆ. ನೆಲಕ್ಕೆ ಮೆಲ್ಲಗೆ ಕಾಲು ಬಡಿದರೆ ಅದುರು ತಿಳಿದು ತಿರುಗುತ್ತಾಳೆ. ಮೂಗು ಇನ್ನೂ ಚುರುಕು.

ನಾಲ್ಕು ತಿಂಗಳ ಹಿಂದೆ ಒಂದು ನಡುರಾತ್ರಿ ಧಡ್ ಅಂತ ಸದ್ದಾಯಿತು. ಓಡಿ ಬಂದು ನೋಡಿದರೆ ಚುಕ್ಕಿ ನೆಲದ ಮೇಲೆ ಒದ್ದಾಡುತ್ತಿದ್ದಳು. ತಲೆ ಒಂದು ಕಡೆ ವಾಲಿತ್ತು. ಕಣ್ಣುಗುಡ್ಡೆ ಎಡಕ್ಕೂ ಬಲಕ್ಕೂ ಸರಸರ ಓಡುತ್ತಿತ್ತು. ನಿಲ್ಲಿಸಲು ಹೋದರೆ ಅದೇ ಕಡೆಗೆ ಉರುಳಿ ಬೀಳುತ್ತಿದ್ದಳು. ವಾಂತಿ ಮಾಡಿದಳು. ಪಾರ್ಶ್ವವಾಯು ಅಂದುಕೊಂಡೆ. ಅವಳನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಇದೇ ಕೊನೆ ಅಂತ ಮನಸ್ಸಿನಲ್ಲೇ ಅವಳಿಗೆ ಎಲ್ಲ ಹೇಳಿಬಿಟ್ಟೆ. ಬೆಳಗ್ಗೆ ವಿಷಯ ತಿಳಿದ ನೆಂಟರೊಬ್ಬರು ಫೋನಿನಲ್ಲಿ "ವಯಸ್ಸಾಯ್ತಲ್ಲಮ್ಮಾ, ಸಾಕು, ಕಳಿಸಿಕೊಟ್ಟುಬಿಡು" ಅಂದರು. ನಾನೂ ಆ ನಿಮಿಷ ಒಪ್ಪುವವಳಿದ್ದೆ.

ಡಾಕ್ಟರ್ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಾಲುಗಳನ್ನು ಮಡಚಿ ಬಿಟ್ಟು ನೋಡಿದರು. "ಮೂರು ದಿನ ಟೈಮ್ ಕೊಡಿ" ಅಂದರು. ಒಳಕಿವಿಯಲ್ಲಿ ಮೈಯ ಸಮತೋಲ ನೋಡಿಕೊಳ್ಳುವ ಭಾಗ ಇರುತ್ತದೆ. ಮುದಿ ನಾಯಿಗಳಲ್ಲಿ ಅದು ಇದ್ದಕ್ಕಿದ್ದ ಹಾಗೆ, ಯಾವ ಕಾರಣವೂ ಸಿಗದೆ, ಕೈಕೊಡುವುದುಂಟು. ನೋಡಲು ಭಯಂಕರ. ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ವಾಂತಿಗೆ ಔಷಧ ಕೊಟ್ಟು ಕಳಿಸಿದರು. ಎರಡು ದಿನ ಚಮಚದಲ್ಲಿ ನೀರು ಹಾಕಿದೆವು. ಹೊಟ್ಟೆಯಡಿಗೆ ಟವೆಲ್ ಹಾಕಿ ಎತ್ತಿ ಹಿಡಿದು ಹೊರಗೆ ನಡೆಸಿದೆವು. ಮೂರನೆಯ ದಿನ ಕಣ್ಣುಗುಡ್ಡೆ ನಿಂತಿತು. ಮೂರನೆಯ ವಾರ ಅವಳು ಮ್ಯಾಟಿನ ದಾರಿ ಹಿಡಿದು ಒಬ್ಬಳೇ ನೀರಿಗೆ ಹೋದಳು. ತಲೆ ಮಾತ್ರ ಸ್ವಲ್ಪ ಓರೆಯಾಗಿಯೇ ಉಳಿದಿದೆ. ಏನೋ ಪ್ರಶ್ನೆ ಕೇಳುತ್ತಿರುವ ಹಾಗೆ ಕಾಣುತ್ತಾಳೆ.

ಆಮೇಲೆ ರಾತ್ರಿ ಅಲೆದಾಟ ಶುರುವಾಯಿತು. ಎರಡು ಗಂಟೆಗೆ ಎದ್ದು ಮನೆಯೆಲ್ಲ ಸುತ್ತುವುದು, ಬಾಗಿಲು ತೆರೆಯುವ ಕಡೆ ಬಿಟ್ಟು ಅದರ ಕೀಲಿರುವ ಕಡೆ ಹೋಗಿ ನಿಲ್ಲುವುದು, ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದೆ ಕುಂಯ್‌ಗುಡುವುದು. ನಾಯಿಗಳಿಗೂ ಮರೆವಿನ ಕಾಯಿಲೆ ಬರುತ್ತದೆ. 2001ರ ಒಂದು ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇಕಡಾ 28ಕ್ಕೆ, 15-16 ವರ್ಷದವುಗಳಲ್ಲಿ ಶೇಕಡಾ 68ಕ್ಕೆ ಅದರ ಒಂದಾದರೂ ಲಕ್ಷಣ ಕಂಡಿತ್ತು. ನಾನು ಮತ್ತೆ ಹಳೆಯ ಮಾತಿಗೇ ಜಾರುತ್ತಿದ್ದೆ. ಡಾಕ್ಟರ್ ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು ಇತ್ತು. ಉರಿಗೆ ಅವಳು ಮಲಗಲಾರದೆ ಹೋಗಿದ್ದಳು. ಔಷಧ ಮುಗಿಯುವ ಹೊತ್ತಿಗೆ ಅಲೆದಾಟ ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದದ್ದು ಮಿದುಳಿನದೇ. ನಡುಮನೆಯಲ್ಲಿ ಒಂದು ಸಣ್ಣ ದೀಪ ಉರಿಸಿಡುತ್ತೇವೆ. ಪೀಠೋಪಕರಣ ಜರುಗಿಸುವುದಿಲ್ಲ. ಬೆಳಗ್ಗೆ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕೂರಿಸುತ್ತೇವೆ. ರಾತ್ರಿ ಪಾಳಿಯನ್ನು ನಾನು ಮತ್ತು ನನ್ನ ಗಂಡ ಹಂಚಿಕೊಂಡಿದ್ದೇವೆ. ಒಬ್ಬರೇ ಮಾಡುವ ಕೆಲಸ ಇದಲ್ಲ. ಒಬ್ಬರೇ ಮಾಡುತ್ತಿರುವವರು ವಾರಕ್ಕೆ ಒಂದು ರಾತ್ರಿಯಾದರೂ ಯಾರಾದರೂ ಸಿಗುತ್ತಾರಾ ನೋಡಿ. ನಿದ್ದೆ ಇಲ್ಲದಾಗ ಕೈ ಒರಟಾಗುತ್ತದೆ. ಅದು ನಾಯಿಗೆ ತಿಳಿಯುತ್ತದೆ.

ಕೊನೆಯ ಪ್ರಶ್ನೆಯನ್ನು ನಾನು ಕೇಳದೆ ಬಿಟ್ಟಿಲ್ಲ. ಕವಾಟ ಸರಿಹೋಗುವುದಿಲ್ಲ, ಮೂತ್ರಪಿಂಡ ಸರಿಹೋಗುವುದಿಲ್ಲ. ಡಾಕ್ಟರ್ ಜೊತೆ ಕೂತು ಮಾತಾಡಿದ್ದೇವೆ. ಆಲಿಸ್ ವಿಲ್ಲಾಲೋಬೋಸ್ ಅನ್ನುವ ಪಶುವೈದ್ಯೆ 2004ರಲ್ಲಿ ಒಂದು ಅಳತೆ ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇವೆಯೇ ಅನ್ನುವುದು. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಜಾಸ್ತಿ; ನೋವು ಹೆಚ್ಚಿದ್ದರೆ ನೋವಿನ ಅಂಕ ಕಡಿಮೆ. ಒಟ್ಟು 35 ದಾಟಿದರೆ ಬದುಕು ಸಹನೀಯ ಅಂತ ಲೆಕ್ಕ. ಆ ಏಳರಲ್ಲಿ ವಯಸ್ಸು ಇಲ್ಲ. ಮೊದಲ ಸಲ ಓದಿದಾಗಲೇ ನನ್ನ ಕಣ್ಣಿಗೆ ಬಿದ್ದದ್ದು ಅದು. ಪ್ರತಿ ಭಾನುವಾರ ನಾನು, ನನ್ನ ಗಂಡ, ಅಮ್ಮ ಬೇರೆ ಬೇರೆ ಅಂಕ ಹಾಕುತ್ತೇವೆ. ಅಮ್ಮ ನೋವಿಗೆ ನಮಗಿಂತ ಒಂದು ಅಂಕ ಕಡಿಮೆಯೇ ಹಾಕುತ್ತಾರೆ. ನಾವು ಅಮ್ಮನ ಅಂಕವನ್ನೇ ಬರೆದುಕೊಳ್ಳುತ್ತೇವೆ. ಕಳೆದ ವಾರ 46 ಬಂತು.

ಅದು ಇಳಿಯುವ ದಿನ ಬರುತ್ತದೆ. ಹೇಗೆ ಮಾಡುತ್ತಾರೆ ಅಂತಲೂ ಕೇಳಿ ತಿಳಿದಿದ್ದೇನೆ. ಮೊದಲು ಮಂಪರಿನ ಇಂಜೆಕ್ಷನ್, ನಿದ್ದೆ ಹತ್ತಿದ ಮೇಲೆ ಅರಿವಳಿಕೆ ಔಷಧದ ದೊಡ್ಡ ಪ್ರಮಾಣ. ಕೆಲವೇ ನಿಮಿಷ. ಕಣ್ಣು ತೆರೆದೇ ಇರಬಹುದು ಅಂತ ಮೊದಲೇ ಹೇಳಿದ್ದಾರೆ. ನಾನು ಅಲ್ಲಿರುತ್ತೇನೆ. ಮನೆಯಲ್ಲೇ, ಅವಳ ಮ್ಯಾಟಿನ ಮೇಲೇ ಆಗಬೇಕು ಅಂತ ಕೇಳಿಕೊಂಡಿದ್ದೇನೆ. ಈ ಮಾತುಗಳನ್ನು ಇಷ್ಟು ಬೇಗ ಆಡಿದ್ದಕ್ಕೆ ಮೊದಲು ದ್ರೋಹ ಮಾಡಿದ ಹಾಗೆ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ನಡುರಾತ್ರಿ ಟವೆಲಿನಲ್ಲಿ ಸುತ್ತಿಕೊಂಡು, ಹೆದರಿಕೆಯಲ್ಲಿ, ಯಾರದೋ ಫೋನಿನ ಮಾತು ಕೇಳಿ ತೀರ್ಮಾನ ಮಾಡಬಾರದು ಅನ್ನುವುದಷ್ಟೇ ನನಗೆ ಬೇಕಿತ್ತು.

ಮುಂದಿನ ರಕ್ತ ಪರೀಕ್ಷೆ ಇನ್ನು ಮೂರು ವಾರಕ್ಕೆ. ನೋಟ್‌ಬುಕ್ಕಿನಲ್ಲಿ ನೆನ್ನೆ ರಾತ್ರಿಯ ಸಂಖ್ಯೆ 24.

ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಿಂದ ಅಮ್ಮ ಕೂಗುತ್ತಿದ್ದಾರೆ. "ಎದ್ದಳು ನೋಡೇ, ಬೇಗ ಬಾ." ಚುಕ್ಕಿ ನೀರು ಕುಡಿಯುವ ಸದ್ದು ಕೇಳುತ್ತಿದೆ. ಅವಳು ಬಾಗಿಲು ತಲುಪುವಷ್ಟರಲ್ಲಿ ನಾನು ಚಪ್ಪಲಿ ಹಾಕಿಕೊಂಡಿರಬೇಕು.